ಎರಡು ಅಡಿಗೆ ಒಂದು ಇಂಚು

ಗುಂಡ್ಲುಪೇಟೆಯ ಹಾಸಿಗೆ ಅಂಗಡಿ ಹಿದಾಯತ್ ಉಲ್ಲಾ ಸಾಹೇಬರಿಗೆ ದೇವರು ಒಳ್ಳೆಯ ಹೆಂಡತಿಯನ್ನು ಕೊಟ್ಟಿದ್ದ, ಜಾಣೆ ಮಗಳನ್ನು ಕೊಟ್ಟಿದ್ದ, ಐವತ್ತೆಂಟರಲ್ಲೂ ಕಬ್ಬು ಸಿಗಿಯುವಂಥ ಹಲ್ಲು ಉಳಿಸಿದ್ದ. ಕೊಡುವುದಕ್ಕೆ ಮರೆತದ್ದು ಒಂದೇ ಒಂದು ಮಾತು: ‘ನಂಗೊತ್ತಿಲ್ಲ’. ಆ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದವರು ಊರಿನಲ್ಲಿ ಯಾರೂ ಇರಲಿಲ್ಲ. ಹೂವಿನ ಹೊಲ ಹುಡುಕಿಕೊಂಡು ಬರುವ ಕೇರಳದ ಕಾರಿನವರು ಅಂಗಡಿ ಮುಂದೆ ನಿಲ್ಲಿಸಿ ದಾರಿ ಕೇಳಿದರೆ, ಎಲ್ಲಿ ಹೂ ಬಿಟ್ಟಿದೆ ಎಂದು ತಿಳಿಯದಿದ್ದರೂ ಸಾಹೇಬರ ಕೈ ಮೇಲೇಳುತ್ತಿತ್ತು. ಒಂದು ಸಂಸಾರ ಆ ಕೈ ತೋರಿದ ಕಡೆಗೇ ಹೋಗಿ ಒಂದು ಕೋಳಿ ಫಾರ್ಮಿನೊಳಗೆ ಇಳಿಯಿತು. ವಾಪಸು ಬರುವಾಗ ಕಾರು ನಿಲ್ಲಿಸಿ ಮಲಯಾಳದಲ್ಲಿ ಜೋರಾಗಿ ಏನೋ ಹೇಳಿ ಹೋದರು. ಸಾಹೇಬರಿಗೆ ಮಲಯಾಳ ಬಾರದು. ಆದರೂ ಪಕ್ಕದ ಅಂಗಡಿಯವನಿಗೆ, “ಬೋ ಚೆನ್ನಾಗಿತ್ತಂತೆ” ಎಂದು ಅರ್ಥ ಹೇಳಿದರು.

ಮಗಳು ತಮನ್ನಾ ಚಾಮರಾಜನಗರದ ಕಾಲೇಜೊಂದರಲ್ಲಿ ಇಂಟೀರಿಯರ್ ಡಿಸೈನ್ ಓದುತ್ತಿದ್ದಳು. ಸಾಹೇಬರ ತಿಳುವಳಿಕೆಯಲ್ಲಿ ಅದು ಸೋಫಾಕ್ಕೆ ಕುಶನ್ ಹೊಲಿಯುವ ಕೆಲಸದ ಇಂಗ್ಲಿಷ್ ಹೆಸರು. ಕೊನೆಯ ವರ್ಷದ ಪ್ರಾಜೆಕ್ಟಿಗೆ ತಮನ್ನಾ ತನ್ನ ಮನೆಯನ್ನೇ ಆರಿಸಿಕೊಂಡಿದ್ದಳು. ಮೊದಲು ಅಳತೆ ಮಾಡಬೇಕು, ಆಮೇಲೆ ಬೋರ್ಡಿನ ಮೇಲೆ ಶೀಟು ಅಂಟಿಸಿ ಟಿ-ಸ್ಕ್ವೇರ್ ಎಂಬ ಗೆರೆಪಟ್ಟಿ ಹಿಡಿದು ನಕ್ಷೆ ಬರೆಯಬೇಕು, ಹೊಸ ಮನೆ ಹೇಗಿರುತ್ತದೆಂದು ಬಣ್ಣದಲ್ಲಿ ಚಿತ್ರ ತೆಗೆಯಬೇಕು, ಕಡೆಗೆ ಎರಡು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಪುಟ್ಟ ಮಾಡೆಲ್ ಕಟ್ಟಬೇಕು. ಕಂಪ್ಯೂಟರ್ ಮುಟ್ಟುವ ಹಾಗಿಲ್ಲ, ಎಲ್ಲವೂ ಕೈಯಲ್ಲೇ ಆಗಬೇಕು. ಮುಂದಿನ ತಿಂಗಳು ಹದಿನಾರು, ಗುರುವಾರ, ಹತ್ತು ಗಂಟೆಗೆ ಮಾಡೆಲ್ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಒಂದು ವರ್ಷ ಹೋದ ಹಾಗೆ.

ಹಾಗಾಗಿ ಒಂದು ಭಾನುವಾರ ತಮನ್ನಾ ಟೇಪು ಹಿಡಿದು ಬೀದಿಗೆ ಇಳಿದಳು. ತಾಯಿ ಹಫೀಜಾ ಟೇಪಿನ ಇನ್ನೊಂದು ತುದಿ ಹಿಡಿದರು. ಕಿಟಕಿಗೆ ಬೆಳಕು ಎಲ್ಲಿಂದ ಬರುತ್ತದೆ, ಅಕ್ಕಪಕ್ಕದ ಮನೆಯ ನೆರಳು ಎಲ್ಲಿ ಬೀಳುತ್ತದೆ ಎಂದು ನೋಡಬೇಕಿತ್ತು. ಅದಕ್ಕೆ ಬೀದಿಯ ಒಂದೊಂದು ಗೋಡೆಯ ಮೇಲೂ ಒಂದೇ ಎತ್ತರಕ್ಕೆ ಗುರುತು ಹಾಕಿದರು. ಗುರುತು ಹಾಕಲು ಕೈಗೆ ಸಿಕ್ಕಿದ್ದು ಅಂಗಡಿಯಲ್ಲಿ ಹಾಸಿಗೆ ಬಟ್ಟೆಗೆ ಗೆರೆ ಎಳೆಯುವ ಕೆಂಪು ಸೀಮೆಸುಣ್ಣ.

ಪಕ್ಕದ ಮನೆಯ ಚಿಕ್ಕಯ್ಯ ತನ್ನ ಜಗಲಿಯ ಮೇಲೆ ಕೂತು ಇದನ್ನೆಲ್ಲ ನೋಡಿದ. ಚಿಕ್ಕಯ್ಯ ಫಾರೆಸ್ಟಿನಲ್ಲಿ ವಾಚರಾಗಿದ್ದು ರಿಟೈರಾದವನು. ಬಂಡೀಪುರದಲ್ಲಿ ಒಂಟಿ ಸಲಗ ಎದುರಾದಾಗಲೂ ಬೀಡಿ ಆರಿಸದೆ ನಿಂತವನು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಸಂಜೆ ಐದಕ್ಕೆ ಹಫೀಜಾರ ಅಡುಗೆಮನೆಯಿಂದ ಎರಡು ಲೋಟ ಟೀ ಆ ಜಗಲಿಗೆ ಬರುತ್ತಿತ್ತು. ಒಂದು ಸಾಹೇಬರಿಗೆ, ಒಂದು ಚಿಕ್ಕಯ್ಯನಿಗೆ.

“ಇದೇನ್ಲಾ ಇದಾಯತ್ತು,” ಎಂದ ಚಿಕ್ಕಯ್ಯ ಆ ಸಂಜೆ, “ನಿನ್ ಮಗ್ಳು ನನ್ ಜಗ್ಲಿ ಅಳುದ್ಲು. ಗ್ವಾಡೆ ಮ್ಯಾಲೆ ಕೆಂಪ್ ಗೆರೆ ಬ್ಯಾರೆ ಎಳುದ್ಲು. ಯಾಕ್ಲಾ?”

ಮನೆಯಲ್ಲಿ ಕಿವಿಗೆ ಬಿದ್ದ ನಾಲ್ಕು ಮಾತು ಬಿಟ್ಟರೆ ಸಾಹೇಬರಿಗೆ ಏನೂ ಗೊತ್ತಿರಲಿಲ್ಲ. ಬೆಳಿಗ್ಗೆ ಮಗಳನ್ನು ಕೇಳಬಹುದಿತ್ತು, ಕೇಳಿರಲಿಲ್ಲ. ಒಂದು ಗುಟುಕು ಟೀ ಕುಡಿದು ಆಕಾಶ ನೋಡಿದರು.

“ಪ್ಲಾನು ಕಣ ಚಿಕ್ಕಯ್ಯ.”

“ಏನ್ ಪ್ಲಾನು?”

“ಯೋಳುದ್ರೆ ನಿಂಗ್ ಅರ್ಥ ಆಗಕಿಲ್ಲ ಬುಡು. ದೊಡ್ ಪ್ಲಾನು. ಚಾಮರಾಜನಗರದಿಂದ ಆರ್ಡರ್ ಆಗದೆ. ಬರೋ ತಿಂಗ್ಳು ಹದಿನಾರಕ್ಕೆ ಫೈನಲ್ಲು.”

ನ್ಯಾಯವಾಗಿ ಹೇಳಬೇಕೆಂದರೆ ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಪ್ಲಾನು ಉಂಟು, ಮಾಡು ಎಂದ ಮೇಡಂ ಚಾಮರಾಜನಗರದಲ್ಲಿದ್ದಾರೆ, ತಾರೀಕೂ ಹದಿನಾರೇ. ಆದರೆ ಜಿಲ್ಲಾ ಕೇಂದ್ರದಿಂದ ಆರ್ಡರು, ಬೀದಿಯಲ್ಲಿ ಟೇಪು, ಗೋಡೆಯ ಮೇಲೆ ಕೆಂಪು ಗೆರೆ, ಇವಿಷ್ಟನ್ನು ಕೂಡಿಸಿದರೆ ನಮ್ಮ ಕಡೆಯ ಯಾವ ಮನುಷ್ಯನಿಗಾದರೂ ಹೊಳೆಯುವುದು ಒಂದೇ. ರಸ್ತೆ ಅಗಲ ಮಾಡುತ್ತಾರೆ! ಸಲಗಕ್ಕೆ ಹೆದರದ ಚಿಕ್ಕಯ್ಯನ ಬೀಡಿ ತಾನಾಗಿ ಆರಿತು.

ದೀಪ ಹಚ್ಚುವ ಹೊತ್ತಿಗೆ ಸುದ್ದಿ ಎದುರು ಮನೆಯ ಪುಟ್ಟಸಿದ್ದಮ್ಮನಿಗೆ ತಲುಪಿತು. ಆಕೆ ಮನೆ ಮುಂದೆಯೇ ಇಡ್ಲಿ ಬೇಯಿಸಿ ಮಾರುವವಳು. ಅವಳ ತುಳಸಿಕಟ್ಟೆ ರಸ್ತೆಗೆ ಒಂದೂವರೆ ಅಡಿ ಬಂದಿತ್ತು. ಆಕೆ ಸೀದಾ ಮೂಲೆಮನೆಯ ಮಾಜಿ ಮೆಂಬರ್ ಪುಟ್ಟರಾಜು ಹತ್ತಿರ ಓಡಿದಳು. ‘ಗೊತ್ತಿಲ್ಲ’ ಎನ್ನಲಾರದ ಕಾಯಿಲೆ ಆ ಬೀದಿಯಲ್ಲಿ ಸಾಹೇಬರೊಬ್ಬರಿಗೇ ಇರಲಿಲ್ಲ.

“ನಂಗೆ ಮೂರ್ ತಿಂಗ್ಳಿಂದ್ಲೇ ಗೊತ್ತು ಕಣಮ್ಮಾ,” ಎಂದ ಪುಟ್ಟರಾಜು. “ಫೈಲು ನಾನೇ ನೋಡಿವ್ನಿ. ನಲವತ್ತಡಿ ರಸ್ತೆ. ನಿಮ್ಗೆಲ್ಲಾ ಭಯ ಆಯ್ತದೆ ಅಂತ ಯೋಳ್ನಿಲ್ಲ.”

ಮಾರನೆಯ ದಿನದಿಂದ ತಮನ್ನಾಳಿಗೆ ಉಪಚಾರ ಶುರುವಾಯಿತು. ಒಬ್ಬರು ಏಲಕ್ಕಿ ಬಾಳೆಹಣ್ಣು ತಂದರು, ಒಬ್ಬರು ನಾಟಿಕೋಳಿ ಮೊಟ್ಟೆ ತಂದರು. ಕಿಟಕಿಯ ಬಳಿ ಬೋರ್ಡು ಇಟ್ಟುಕೊಂಡು ಅವಳು ಗೆರೆ ಎಳೆಯುತ್ತಿದ್ದರೆ ಹೊರಗೆ ನಾಲ್ಕು ಜನ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು. ಒಮ್ಮೆ ಅವಳು ರಬ್ಬರು ತೆಗೆದು ಏನೋ ಒರೆಸಿದ್ದೇ ತಡ, “ಅಳ್ಸುದ್ಲು! ಅಳ್ಸುದ್ಲು!” ಎಂದು ಕೂಗು ಎದ್ದಿತು. ಯಾರದೋ ಮನೆ ಉಳಿಯಿತು ಎಂದು ಲೆಕ್ಕ. ಅವಳು ಅಳಿಸಿದ್ದು ಬಚ್ಚಲಿನ ಬಾಗಿಲು.

ಪುಟ್ಟಸಿದ್ದಮ್ಮ ಒಂದು ತಟ್ಟೆ ಇಡ್ಲಿ ಹಿಡಿದು ಒಳಗೇ ಬಂದಳು. “ತಿನ್ಕಂಡ್ ಬರಿಯವ್ವ. ಆ ಗೆರೆ ನನ್ ತುಳಸಿಕಟ್ಟೆ ತಾವ ಬಂದಾಗ ಕೈಯ ವಸಿ ಆ ಕಡೆ ಒಯ್ದುಬುಡು ಕಣಮ್ಮಿ.”

“ಇದು ಟಿ-ಸ್ಕ್ವೇರ್ ಅಜ್ಜಿ,” ಎಂದಳು ತಮನ್ನಾ, ಅಜ್ಜಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು. “ಇದನ್ನ ಇಟ್ಮೇಲೆ ಗೆರೆ ಸೊಟ್ಟ ಹೋಗಲ್ಲ.”

ಪುಟ್ಟಸಿದ್ದಮ್ಮ ಹೊರಗೆ ಬಂದು ವರದಿ ಒಪ್ಪಿಸಿದಳು. “ಕೈ ಬಿಗಿ ಕಣ್ರಪ್ಪ. ಇಡ್ಲಿಗೆಲ್ಲಾ ಬಗ್ಗೋ ಹೆಣ್ಣಲ್ಲ ಅದು.”

ಸಾಹೇಬರ ಮರ್ಯಾದೆಯೂ ಏರಿತು. ಕಟಿಂಗ್ ಶಾಪಿನಲ್ಲಿ ಕುರ್ಚಿ ಬಿಟ್ಟುಕೊಟ್ಟರು. ದಾರಿಯಲ್ಲಿ ಕಂಡವರೆಲ್ಲ, “ನಮ್ದು ಉಳೀತದಾ ಸಾಬ್ರೆ?” ಎಂದು ಕೇಳತೊಡಗಿದರು. ಏನು ಉಳಿಯಬೇಕು, ಯಾಕೆ ಉಳಿಯಬೇಕು ಎಂದು ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಸುಮ್ಮನಿರುವ ಆಸಾಮಿಯೇ? “ಎಲ್ಲಾ ನಮ್ ಹುಡ್ಗಿ ಕೈಲದೆ. ನೋಡನ, ನೋಡನ” ಎನ್ನುತ್ತ ಗಡ್ಡ ನೀವಿಕೊಂಡು ನಡೆದರು.

ಗುರುವಾರಕ್ಕೆ ಎರಡು ದಿನ ಇದ್ದಂತೆ, ಮಂಗಳವಾರ ಸಂಜೆ, ಮಾಡೆಲ್ ಮುಗಿಯಿತು. ಸನ್‌ಬೋರ್ಡ್ ಎಂಬ ಹಗುರ ಬಿಳಿ ಹಲಗೆಯ ಗೋಡೆ, ಎತ್ತಿದರೆ ಬರುವ ಚಾವಣಿ, ಒಳಗೆ ಸಾಹೇಬರ ಅಂಗಡಿಯ ಚೂರು ಬಟ್ಟೆ ಹೊದ್ದ ಎರಡಿಂಚಿನ ಸೋಫಾ. ಮನೆಯ ಸುತ್ತ ಹಸಿರು ಬಣ್ಣದಲ್ಲಿ ಅದ್ದಿದ ಸ್ಪಂಜಿನ ಮರಗಳು. ಅಂಟು ಒಣಗಲಿ ಎಂದು ಅದನ್ನು ಬಾಗಿಲ ಮುಂದೆ ಸ್ಟೂಲಿನ ಮೇಲಿಟ್ಟಳು. ಐದು ನಿಮಿಷದಲ್ಲಿ ಬೀದಿಗೆ ಬೀದಿಯೇ ಬಂದು ಸುತ್ತುಗಟ್ಟಿತು.

“ನಮ್ಮನೆ ಎಲ್ಲವ್ವಾ?” ಎಂದಳು ಪುಟ್ಟಸಿದ್ದಮ್ಮ.

“ನಿಮ್ಮನೆ ಬರಲ್ಲ ಅಜ್ಜಿ. ಸುತ್ತ ಇರೋದೆಲ್ಲ ತೆಗೆದುಬಿಟ್ಟು ಮರ ಹಾಕು ಅಂದ್ರು.”

“ಯಾರಂದ್ರು?”

“ಚಾಮರಾಜನಗರದಲ್ಲಿ, ಮೇಡಮ್ಮು.”

ನಲವತ್ತಡಿ ರಸ್ತೆಯೂ ಅಲ್ಲ! ಇಡೀ ಬೀದಿಯನ್ನೇ ಕೆಡವಿ ಸಾಹೇಬರದೊಂದು ಮನೆ ಉಳಿಸಿ, ಸುತ್ತ ತೋಪು ಮಾಡುತ್ತಾರೆ! ಎಲ್ಲರೂ ಒಟ್ಟಿಗೆ ಕೂಗಿದರು. ಚಿಕ್ಕಯ್ಯ ಮಾತ್ರ ಬಗ್ಗಿ, ತನ್ನ ಮನೆ ಇರಬೇಕಾದ ಕಡೆ ಇದ್ದ ಹಸಿರನ್ನು ಬೆರಳಲ್ಲಿ ಮುಟ್ಟಿದ.

“ಯಾವ್ ಮರ ಅವ್ವಾ ಇದು?”

“ಸುಮ್ನೆ ಮರ ತಾತ. ಸ್ಪಂಜು.”

ಮೂವತ್ತು ವರ್ಷ ಕಾಡು ಕಾದವನಿಗೆ ಮನೆ ಹೋಗುವುದಕ್ಕಿಂತ, ಹೆಸರಿಲ್ಲದ ಮರ ಬರುವುದು ಹೆಚ್ಚು ಅವಮಾನ ಅನ್ನಿಸಿರಬೇಕು. ತನ್ನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅಷ್ಟರಲ್ಲಿ ಪುಟ್ಟರಾಜು ಜನರನ್ನು ಸರಿಸಿಕೊಂಡು ಬಂದ. ‘ಇದು ಸಾಕ್ಷಿ’ ಎಂದ. ಒಂದು ಹಾಳೆಯ ಮೇಲೆ ಮಹಜರು ಬರೆದು, ಆರು ಜನರ ಸಹಿ, ಒಂದು ಹೆಬ್ಬೆಟ್ಟು ಹಾಕಿಸಿ, ಮಾಡೆಲನ್ನು ತಲೆಯ ಮೇಲೆ ಹೊತ್ತು ತನ್ನ ಮನೆಗೆ ತೆಗೆದುಕೊಂಡು ಹೋದ. ತಮನ್ನಾ ಹಿಂದೆಯೇ ಓಡಿದಳು, ಬೇಡಿದಳು, ಅತ್ತಳು. “ಮೇಲಿನೋರ್ ಜೊತೆ ಮಾತಾಡಿ ತೀರ್ಮಾನ ಆಗಗಂಟ ಕೊಡಾಕಿಲ್ಲ ಕಣವ್ವ” ಎಂದ. ಸಾಹೇಬರು ಆ ಹೊತ್ತಿನಲ್ಲಿ ಅಂಗಡಿಯಲ್ಲಿದ್ದರು. ಮನೆಗೆ ಬಂದರೆ ಮಗಳ ಕಣ್ಣು ಊದಿತ್ತು, ಹಫೀಜಾ ಮುಖ ತಿರುಗಿಸಿದರು, ಜಗಲಿ ಖಾಲಿ ಇತ್ತು. “ಎಲ್ಲಾ ಸರಿ ಹೋಗ್ತದೆ, ನಂಗೊತ್ತು” ಎಂದರು ಸಾಹೇಬರು.

ಬುಧವಾರ ಬೆಳಿಗ್ಗೆ ಸುತ್ತಿಗೆಯ ಸದ್ದಿಗೆ ಅವರಿಗೆ ಎಚ್ಚರವಾಯಿತು. ಹೊರಗೆ ಬಂದು ನೋಡಿದರೆ ಚಿಕ್ಕಯ್ಯ ಬನೀನಿನಲ್ಲಿ ನಿಂತು ತನ್ನ ಜಗಲಿಯನ್ನು ತಾನೇ ಒಡೆಯುತ್ತಿದ್ದ. ಆಗಲೇ ಅರ್ಧ ಹೋಗಿತ್ತು. ಹೋಗಿದ್ದು ಸಾಹೇಬರು ಕೂರುತ್ತಿದ್ದ ಅರ್ಧ.

“ಏ ಚಿಕ್ಕಯ್ಯಾ! ತಲೆ ಕೆಟ್ಟದಾ ನಿಂಗೆ?”

“ಜೆಸಿಬಿ ತಂದು ಎಳುದ್ರೆ ಗ್ವಾಡೆನೂ ಬಿರುಕು ಬುಡ್ತದೆ,” ಎಂದ ಚಿಕ್ಕಯ್ಯ ತಲೆ ಎತ್ತದೆ. “ನಾನೇ ನೀಟಾಗ್ ತೆಗುದ್ರೆ ಮನೆ ಆದ್ರೂ ಬುಟ್ಟಾರೇನೋ. ನಿನ್ ಮಗ್ಳು ಸಣ್ಣವಳು ಬುಡು, ಯೋಳುದ್ದ ಮಾಡವ್ಳೆ. ಆದ್ರೆ ನೀನು ಇಪ್ಪತ್ತೆರಡು ವರ್ಸ ಇದ್ರ ಮ್ಯಾಲೆ ಕುಂತು ಟೀ ಕುಡುದ್ಯಲ್ಲ ಇದಾಯತ್ತು, ರಸ್ತೆ ಬತ್ತದೆ ಕಣ ಅಂತ ಒಂದ್ ಮಾತ್ ಬುಡುಸಿ ಯೋಳ್ಬಾರ್ದಾಗಿತ್ತಾ?”

ರಸ್ತೆ! ಒಂದು ತಿಂಗಳ ಬಾಳೆಹಣ್ಣು, ಮೊಟ್ಟೆ, ಕಟಿಂಗ್ ಶಾಪಿನ ಕುರ್ಚಿ, ಎಲ್ಲ ಒಂದೇ ಸಲಕ್ಕೆ ಸಾಹೇಬರಿಗೆ ಅರ್ಥವಾಯಿತು. ಮನೆಯೊಳಗೆ ಓಡಿ, ಮಗಳ ಮುಂದೆ ನೆಲದ ಮೇಲೆ ಕೂತು, ಮೂರು ವರ್ಷದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆವತ್ತು ಕೇಳಿದರು. “ಬೇಟಿ, ನೀನು ನಿಜವಾಗಿ ಓದ್ತಾ ಇರೋದು ಏನು?”

ತಮನ್ನಾ ಎರಡು ನಿಮಿಷದಲ್ಲಿ ಹೇಳಿದಳು. ಎರಡೇ ನಿಮಿಷದ ವಿಷಯ ಅದು.

ಸಾಹೇಬರು ಪುಟ್ಟರಾಜು ಮನೆಯ ಅಂಗಳಕ್ಕೆ ಹೋಗಿ, ಬೀದಿಯವರನ್ನೆಲ್ಲ ಕರೆಸಿ, ಟೋಪಿ ತೆಗೆದು ಕೈಯಲ್ಲಿ ಹಿಡಿದರು. “ರಸ್ತೆ ಇಲ್ಲ, ಏನೂ ಇಲ್ಲ ಕಣ್ರಪ್ಪ. ಅದು ನಮ್ ಹುಡ್ಗಿ ಪರೀಕ್ಸೆ. ನಾನು ಗೊತ್ತಿಲ್ದೆ ಜಂಬ ಮಾಡ್ಬುಟ್ಟೆ. ತಪ್ಪಾಯ್ತು.”

ಯಾರೂ ನಂಬಲಿಲ್ಲ. ಐವತ್ತೆಂಟು ವರ್ಷ ತಪ್ಪು ಒಪ್ಪದ ಮನುಷ್ಯ ಇದ್ದಕ್ಕಿದ್ದಂತೆ ಒಪ್ಪಿದರೆ ನಂಬುವುದು ಹೇಗೆ? “ಮೇಲಿಂದ ಬಾಯ್ ಮುಚ್ಸವ್ರೆ” ಎಂದು ಪುಟ್ಟರಾಜು ತೀರ್ಪು ಕೊಟ್ಟ. ಗಲಾಟೆ ಮಧ್ಯಾಹ್ನದವರೆಗೆ ನಡೆಯಿತು. ಕಡೆಗೆ ಪುಟ್ಟಸಿದ್ದಮ್ಮ ಸೌಟು ಎತ್ತಿದಳು.

“ಪರೀಕ್ಸೆ ಆದ್ರೆ ಪರೀಕ್ಸೆ. ರಸ್ತೆ ಆದ್ರೆ ರಸ್ತೆ. ನಮ್ ನಮ್ ಮನೆಗೋಳ್ನೂ ಅದ್ರಲ್ಲಿ ಮಡಗನ. ಇಲ್ಲಿ ಜನ ಅವ್ರೆ ಅಂತ ಚಾಮರಾಜ್ನಗ್ರದೋರು ಕಣ್ಣಾರ ಕಾಣ್ಲಿ. ಆಮೇಲೆ ತಕೊಂಡೋಗ್ಲಿ ಮಗ.”

ತಮನ್ನಾ ಬೇಡವೆನ್ನಲು ಬಾಯಿ ತೆರೆದಳು, ಗಡಿಯಾರ ನೋಡಿದಳು, ಬಾಯಿ ಮುಚ್ಚಿದಳು. ಸ್ಪಂಜಿನ ಮರಗಳು ಕಿತ್ತುಬಂದವು. ಸಂಜೆಯ ಹೊತ್ತಿಗೆ ಒಬ್ಬೊಬ್ಬರೂ ತಮ್ಮ ತಮ್ಮ ಮನೆ ಕೈಯಲ್ಲಿ ಹಿಡಿದು ಬಂದರು. ಪುಟ್ಟಸಿದ್ದಮ್ಮನದು ಸೋಪಿನ ಡಬ್ಬ, ಮುಂದೆ ಬಾಟಲಿ ಮುಚ್ಚಳದ ತುಳಸಿಕಟ್ಟೆ, ಅದರಲ್ಲಿ ನಿಜವಾದ ತುಳಸಿ ಎಲೆ. ಪುಟ್ಟರಾಜು ಮೂರು ಬಿಸ್ಕತ್ತು ಡಬ್ಬ ಒಂದರ ಮೇಲೊಂದು ಪೇರಿಸಿಕೊಂಡು ಬಂದ. ಅವನದು ಒಂದಂತಸ್ತಿನ ಹೆಂಚಿನ ಮನೆ. ಕೇಳಿದ್ದಕ್ಕೆ, “ಮುಂದುಕ್ ಕಟ್ಟುಸ್ತೀನಿ” ಎಂದ. ಎಲ್ಲರಿಗಿಂತ ಕೊನೆಗೆ ಚಿಕ್ಕಯ್ಯ ಬಂದ. ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದಿಟ್ಟ. ಅದರ ಮುಂದೆ, ಒಡೆದ ಜಗಲಿಯದೇ ಒಂದು ಇಟ್ಟಿಗೆ ಚೂರು ಇಟ್ಟ. ಉದ್ದ ಐದು ಇಂಚು, ಅಗಲ ಎರಡು ಇಂಚು. ಸಾಹೇಬರು ಮುಂದೆ ಬಂದು ಅದಕ್ಕೆ ತಾವೇ ಫೆವಿಕಾಲ್ ಹಚ್ಚಿ ಅಂಟಿಸಿದರು. ಚಿಕ್ಕಯ್ಯ ಅವರ ಮುಖ ನೋಡಲಿಲ್ಲ.

ಗುರುವಾರ ಬೆಳಿಗ್ಗೆ ಚಾಮರಾಜನಗರದ ಬಸ್ಸಿಗೆ ಮೂವರು ಹತ್ತಿದರು: ತಮನ್ನಾ, ಸಾಹೇಬರು, ಮತ್ತು ತನ್ನ ಜಗಲಿಯ ಜವಾಬ್ದಾರಿ ಇನ್ನೊಬ್ಬರಿಗೆ ಬಿಡಲೊಲ್ಲದ ಚಿಕ್ಕಯ್ಯ. ಮೂವರ ಸೀಟಿನಲ್ಲಿ ಕೂತು ಮಾಡೆಲನ್ನು ತೊಡೆಯ ಮೇಲಿಟ್ಟುಕೊಂಡರು. ಮಧ್ಯೆ ತಮನ್ನಾ, ಅವಳ ಈ ಕಡೆ ಒಬ್ಬರು, ಆ ಕಡೆ ಒಬ್ಬರು.

“ಏನ್ ಸಾಬ್ರೆ ಅದು?” ಎಂದ ಕಂಡಕ್ಟರ್.

“ನಮ್ ಬೀದಿ.”

“ಬೀದಿಗೆ ಲಗೇಜ್ ಆಯ್ತದೆ.”

“ಅನ್ನೊಂದ್ ಮನೆ ಅವೆ ಕಣಪ್ಪ,” ಎಂದ ಚಿಕ್ಕಯ್ಯ ಗಂಭೀರವಾಗಿ. “ಮನೆಗೊಂದ್ ಟಿಕೆಟ್ ಕೊಡು, ಆದ್ರೆ ಡ್ರೈವರ್‌ಗೆ ರೋಡ್ ಹಂಪ್ ಬಂದಾಗ ಮೆಲ್ಲಗೆ ಓಗಾಕೆ ಯೋಳು.” ಆದರೂ ತೆರಕಣಾಂಬಿ ಬರುವುದರೊಳಗೆ ಪುಟ್ಟರಾಜುವಿನ ಮೇಲಿನ ಎರಡಂತಸ್ತು ಬಿದ್ದು ಸೀಟಿನ ಕೆಳಗೆ ಹೋದವು. ಯಾರೂ ಹುಡುಕಲಿಲ್ಲ.

ಕಾಲೇಜಿನಲ್ಲಿ ಮೈಸೂರಿನಿಂದ ಬಂದ ಪರೀಕ್ಷಕಿ ಮೇಡಂ ಕೂತಿದ್ದರು. ನಕ್ಷೆಯ ಗೆರೆಗಳನ್ನು ನೋಡಿ ತಲೆಯಾಡಿಸಿದರು. ಬಣ್ಣದ ಚಿತ್ರ ನೋಡಿ, ಬೆಳಕು ಚೆನ್ನಾಗಿ ಬಂದಿದೆ ಎಂದರು. ಮಾಡೆಲ್ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

“ಎರಡು ಅಡಿಗೆ ಒಂದು ಇಂಚು ಅಂತ ಬರೆದಿದ್ದೀಯ. ಈ ಪಕ್ಕದ ಮನೆ ಬೆಂಕಿಪೊಟ್ಟಣದಷ್ಟಿದೆ, ಜಗಲಿ ಮನೆಗಿಂತ ದೊಡ್ಡದಿದೆ. ಇದು ಯಾವ ಅಳತೆಯಮ್ಮಾ?”

ವರ್ಷ ಹೋಯಿತು ಎಂದು ತಮನ್ನಾಳ ಮುಖದಲ್ಲೇ ಬರೆದಿತ್ತು. ಮಾಡೆಲ್ ಹೊತ್ತುಕೊಂಡು ಬಂದು ಬಾಗಿಲಲ್ಲೇ ಉಳಿದಿದ್ದ ಸಾಹೇಬರು ಎರಡು ಹೆಜ್ಜೆ ಒಳಗೆ ಬಂದರು.

“ಮೇಡಂ, ಆ ಜಗ್ಲಿ ಅಳ್ತೆ ಸರ್ಯಾಗೇ ಅದೆ. ನಮ್ ಬೀದಿಲಿ ಅದ್ಕಿಂತ ದೊಡ್ದು ಏನೂ ಇಲ್ಲ.”

“ನೀವ್ಯಾರು?”

“ಅದು ಒಡ್ದೋಗಕೆ ಕಾರಣ ಆದೋನು.”

ಬಾಗಿಲಲ್ಲಿ ನಿಂತಿದ್ದ ಚಿಕ್ಕಯ್ಯ ಗೋಡೆಯ ಕಡೆ ತಿರುಗಿ ಟವಲಿನಲ್ಲಿ ಮುಖ ಒರೆಸಿಕೊಂಡ. ಮೇಡಂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು. ತಮನ್ನಾ ನಡೆದದ್ದನ್ನೆಲ್ಲ ಹೇಳಿದಳು. ಟಿ-ಸ್ಕ್ವೇರಿಗೆ ಬಂದ ಲಂಚದ ಇಡ್ಲಿಯ ವಿಷಯ ಬಂದಾಗ ಮೇಡಂ ನಕ್ಕು ನಕ್ಕು ಕೆಮ್ಮಿ, ನೀರು ತರಿಸಿಕೊಂಡು ಕುಡಿದರು. ಆಮೇಲೆ ಹಾಳೆಯ ಮೇಲೆ ‘ಅಳತೆಗೆ ಅಂಕವಿಲ್ಲ, ಉಳಿದದ್ದಕ್ಕೆಲ್ಲ ಉಂಟು’ ಎಂದು ಬರೆದರು. ತಮನ್ನಾ ಪಾಸಾದಳು.

ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಯ್ಯ, ಬುಧವಾರ ಬೆಳಗಿನಿಂದ ಸಾಹೇಬರ ಜೊತೆ ಬಿಟ್ಟಿದ್ದ ಮಾತನ್ನು ಮತ್ತೆ ಆಡಿದ. “ಟೀ ಕುಡಿಯನ ನಡಿಲಾ” ಎಂದ. ಸಾಹೇಬರಿಗೆ ಅಳು ಬಂತು.

ಊರಿನಲ್ಲಿ ಪುಟ್ಟರಾಜು, ರಸ್ತೆ ಕ್ಯಾನ್ಸಲ್ ಮಾಡಿಸಿದ್ದು ತಾನೇ ಎಂದು ಹೇಳಿಕೊಂಡು ಹಾರ ಹಾಕಿಸಿಕೊಂಡ. ಸಾಹೇಬರು ಗಾರೆಯವರನ್ನು ಕರೆಸಿ ಚಿಕ್ಕಯ್ಯನ ಜಗಲಿಯನ್ನು ಮತ್ತೆ ಕಟ್ಟಿಸಲು ನಿಂತರು. ಹಳೆಯ ಜಗಲಿ ಆರಡಿ ಉದ್ದ, ಎರಡಡಿ ಅಗಲ ಎಂದು ತಮನ್ನಾಳ ನಕ್ಷೆಯಲ್ಲಿತ್ತು. ಚಿಕ್ಕಯ್ಯ ಒಪ್ಪಲಿಲ್ಲ. ಮಾಡೆಲ್ ತರಿಸಿ, ಗಾರೆಯವನ ಮುಂದೆ ಇಟ್ಟಿಗೆ ಚೂರು ತೋರಿಸಿದ. “ಚಾಮರಾಜ್ನಗ್ರದಲ್ಲಿ ಪಾಸಾಗಿರೋ ಅಳ್ತೆ ಇದು. ಎರಡಡಿಗೆ ಒಂದಿಂಚು. ಹಂಗೇ ಕಟ್ಟು.” ಐದು ಇಂಚು ಹತ್ತಡಿಯಾಯಿತು, ಎರಡು ಇಂಚು ನಾಲ್ಕಡಿಯಾಯಿತು. ಹೊಸ ಜಗಲಿ ರಸ್ತೆಗೆ ಎರಡಡಿ ನುಗ್ಗಿ ನಿಂತಿತು. ಸಂಜೆ ಐದಕ್ಕೆ ಈಗ ಇಬ್ಬರಲ್ಲ, ಹನ್ನೆರಡು ಜನ ಕೂರುತ್ತಿದ್ದರು. ಹಫೀಜಾ ದೊಡ್ಡ ಪಾತ್ರೆ ತೆಗೆದರು.

ಮೂರು ತಿಂಗಳ ಮೇಲೆ ಒಂದು ಸಂಜೆ ಟೋಪಿ ಹಾಕಿದ ಒಬ್ಬ ಯುವಕ ಬೀದಿಗೆ ಬಂದ. ಕೈಯಲ್ಲಿ ಟೇಪು, ಕಂಕುಳಲ್ಲಿ ನಕ್ಷೆ, ಕೆಂಪು ಬಣ್ಣದ ಡಬ್ಬ. ಬೀದಿ ಸಂಭ್ರಮದಿಂದ ಎದ್ದು ನಿಂತಿತು.

“ಯಾವ್ ಕಾಲೇಜ್ ಮಗ?” ಎಂದಳು ಪುಟ್ಟಸಿದ್ದಮ್ಮ, ತಟ್ಟೆಗೆ ನಾಲ್ಕು ಇಡ್ಲಿ ಹಾಕಿ. “ಕೈಯಲ್ಲೇ ಬರೀಬೇಕಾ ನಿಂಗೂವೆ?” ಚಿಕ್ಕಯ್ಯ ಕೇಳದೆಯೇ ಟೇಪಿನ ಆ ತುದಿ ಹಿಡಿದು ಬೀದಿಯ ಕೊನೆಯವರೆಗೂ ಓಡಿದ. “ಸರ್ಯಾಗ್ ಬರ್ಕೊಳ್ಲಾ, ಅಳ್ತೆ ತಪ್ಪುದ್ರೆ ಮೇಡಮ್ಮು ಅಂಕ ಕೊಡಾಕಿಲ್ಲ!” ಎಂದು ಅಲ್ಲಿಂದಲೇ ಕೂಗಿದ. ಯುವಕನಿಗೆ ಕೆಲಸಕ್ಕೆ ಸೇರಿದಾಗಿನಿಂದ ಇಂಥ ಸ್ವಾಗತ ಸಿಕ್ಕಿರಲಿಲ್ಲ. ಕಣ್ಣು ಕಣ್ಣು ಬಿಡುತ್ತ ಇಡ್ಲಿ ತಿಂದ.

ಸಾಹೇಬರು ಜಗಲಿಯ ಮೇಲೆ ಕೂತು ಬೀದಿಯ ತಿರುವಿನ ಕಡೆ ನೋಡಿದರು. ಅಲ್ಲೊಂದು ಜೀಪು ನಿಂತಿತ್ತು. ಮುಂದೆ ಹಸಿರು ಬೋರ್ಡು, ಅದರ ಮೇಲೆ ಸರ್ಕಾರದ ಮೊಹರು. ಈ ಜನ್ಮದಲ್ಲಿ ಮೊದಲನೆಯ ಸಲ, ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ವಿಷಯ ಸಾಹೇಬರಿಗೆ ನಿಜವಾಗಿಯೂ ಗೊತ್ತಾಯಿತು.

ಯುವಕ ಕೈ ತೊಳೆದು, ಪೆನ್ನು ತೆಗೆದು, ಅವರ ಮುಂದೆ ಬಂದು ನಿಂತ. “ರಸ್ತೆಗೆ ಎರಡಡಿ ಬಂದಿದೆ. ಯಾರದು ಸಾಹೇಬ್ರೇ ಈ ಜಗಲಿ?”

ಬೀದಿಯ ಕೊನೆಯಲ್ಲಿ ಚಿಕ್ಕಯ್ಯ ಟೇಪು ಬಿಗಿಯಾಗಿ ಹಿಡಿದು ಹಲ್ಲು ಬಿಡುತ್ತಿದ್ದ. ಸಾಹೇಬರು ಟೀ ಲೋಟ ಪಕ್ಕಕ್ಕಿಟ್ಟರು. ಟೋಪಿ ಸರಿಮಾಡಿಕೊಂಡರು. ಗಂಟಲು ಸರಿಮಾಡಿಕೊಂಡರು.

“ನಂಗೊತ್ತಿಲ್ಲ ಸಾರ್.”

ಪುಟ್ಟಸಿದ್ದಮ್ಮನ ಕೈಯಿಂದ ಸೌಟು ಕೆಳಗೆ ಬಿತ್ತು.